ಲವ್‌ಗೆ ಐಎನ್‌ಜಿ ಸೇರಲ್ಲ

"ಹೀ ಈಸ್ ಆಸ್ ಬ್ರೇವ್ ಆಸ್ ಎ ಟೈಗರ್," ಎಂದು ರೇವತಿ ಬೋರ್ಡಿನ ಮೇಲೆ ಬರೆದಳು. "ಆಸ್ ಇಲ್ಲಾ ಲೈಕ್ ಬಂದ್ರ ಸಿಮಿಲಿ. ಬರ್ಕಳಿ."

ತಾಳಮಲೆಯ ಹುಡುಗಿ ಸುಮ ಕೈಯೆತ್ತಿದಳು. "ಮಿಸ್, ಉಲಿಗ ಅಷ್ಟೇನ್ ಧೈರ್ಯ ಇಲ್ಲ. ನಮ್ ಬಸ್ ಬಂದ್ರ ಓಡೋಯ್ತದ."

ಮಕ್ಕಳೆಲ್ಲ ನಕ್ಕರು. ಬಾಗಿಲ ಬಳಿ ಒಬ್ಬ ಗಂಡಸೂ ನಕ್ಕ.

ರೇವತಿ ತಿರುಗಿ ನೋಡಿದಳು. ಮೇಲ್ಬೀದಿಯವನು. ಆ ಬೀದಿಯವರು ಕೇರಿಯ ಈ ಸಮುದಾಯ ಭವನದತ್ತ ಬರುವುದು ಕೂಲಿಗೆ ಜನ ಕರೆಯಲು ಮಾತ್ರ.

"ಆಳು ಬೇಕಾದ್ರ ಅತ್ಲಾಗ ಕೇಳಿ. ಇದು ಕ್ಲಾಸು," ಎಂದಳು ಬಿರುಸಾಗಿ.

ಅವನ ಕಿವಿ ಕೆಂಪಾಯಿತು. "ಐ ಹ್ಯಾವ್ ಕೇಮ್ ವಿತ್ ಮೈ ಸಿಸ್ಟರ್."

ಭವನ ನಗುವಿನಿಂದ ತುಂಬಿಹೋಯಿತು. ಅವನ ಬೆನ್ನ ಹಿಂದೆ ನಿಂತಿದ್ದ ಮೇಘ ಮುಖ ಮುಚ್ಚಿಕೊಂಡಳು. "ಅಣ್ಣಾ, ಮಾನ ಕಳೀಬ್ಯಾಡ."

"ಹ್ಯಾವ್ ಆದ್ಮೇಲೆ ಕಮ್. ಕೇಮ್ ಅಲ್ಲ," ಎಂದ ರೇವತಿಗೆ ನಗು ತಡೆಯುವುದೇ ಕಷ್ಟವಾಯಿತು.

"ನಾನು ಟೆಂತ್‌ಲಿ ಪೇಲಾದದ್ದು ಅದ್ಕೇ ಮಿಸ್. ಇವ್ಳೂ ಅಂಗಾಗಬಾರ್ದು."

ಅವನು ಮಧುಕುಮಾರ್. ಮಹದೇವಪ್ಪನವರ ಮಗ. ಅವರ ಹೊಲದಲ್ಲಿ ರೇವತಿಯ ಅವ್ವ ಚಿಕ್ಕಬಸಮ್ಮ ಎಷ್ಟೋ ವರ್ಷ ಚೆಂಡು ಹೂವು ಬಿಡಿಸಿದ್ದಳು. ಆ ದುಡಿಮೆಯಲ್ಲೇ ರೇವತಿ ಸತ್ಯಮಂಗಲದಲ್ಲಿ ಇಂಗ್ಲಿಷ್ ಬಿ.ಎ. ಓದಿ ಬಂದಿದ್ದಳು. ಈಗ ಸಂಜೆ ಹೊತ್ತು ಹತ್ತನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುತ್ತಿದ್ದಳು.

ತಂಗಿಯನ್ನು ಕರೆದೊಯ್ಯಲೆಂದು ಮಧು ದಿನವೂ ಬರತೊಡಗಿದ. ಮೊದಮೊದಲು ಬೈಕಿನ ಮೇಲೆ ಕೂತಿರುತ್ತಿದ್ದವನು ಬರುಬರುತ್ತ ಬಾಗಿಲಿಗೆ ಬಂದ, ಆಮೇಲೆ ಹಿಂದಿನ ಚಾಪೆಗೆ. ರೇವತಿ ಬೋರ್ಡು ಒರೆಸಿ ತಿರುಗಿದಾಗಲೆಲ್ಲ ಅವನ ಕಣ್ಣು ಬೋರ್ಡಿನ ಮೇಲಿರುತ್ತಿರಲಿಲ್ಲ. ಸಿಕ್ಕಿಬಿದ್ದೆನೆಂದು ಗೊತ್ತಾದ ಕೂಡಲೇ ಗಂಭೀರವಾಗಿ ಮೇಲಿನ ಫ್ಯಾನು ನೋಡುತ್ತಿದ್ದ. ಫ್ಯಾನು ಕೆಟ್ಟು ಎಷ್ಟೋ ಕಾಲವಾಗಿತ್ತು.

ಒಂದು ಸಂಜೆ ಅವಳು ತಡವಾಗಿ ಬಂದಳು.

"ನೀವು ಬರೋಗಂಟ ಒಂದ್ ಯುಗ ಆದಂಗಾಯ್ತು ಮಿಸ್," ಎಂದ, ಮೆಲ್ಲಗೆ.

"ಅದ್ನ ಹೈಪರ್ಬೊಲಿ ಅಂತಾರ. ಇರೋದ್ಕಿಂತ ಜಾಸ್ತಿ ಮಾಡಿ ಯೋಳೋದು."

"ಜಾಸ್ತಿ ಯೋಳ್ನಿಲ್ಲ. ಕಮ್ಮೀನೇ ಯೋಳ್ದಿ."

ರೇವತಿ ಬೋರ್ಡಿನ ಕಡೆ ತಿರುಗಿಕೊಂಡಳು. ಚಾಕ್‌ಪೀಸು ಕೈಯಲ್ಲೇ ಮುರಿಯಿತು.

ಪರೀಕ್ಷೆ ಹತ್ತಿರ ಬಂದಾಗ ಮಹದೇವಪ್ಪ ಬಂದರು. ಒಳಗೆ ಕಾಲಿಡದೆ ರಸ್ತೆಯಲ್ಲೇ ನಿಂತರು.

"ಚೆನ್ನಾಗಿ ಯೋಳ್ಕೊಡ್ತೀಯಂತೆ ಕಣವ್ವ. ನಮ್ ಮನ್ಗ ಬಾ. ನಮ್ ಬೀದಿ ಮಕ್ಕ ಎಲ್ಲಾ ಸೇರುಸ್ತೀನಿ. ಜಗಲಿ ಮ್ಯಾಲೆ ಪಾಠ ಮಾಡು."

"ಮನೆ ಒಳಗ ಬ್ಯಾಡ್ವಾ?"

"ಜಗಲಿ ಸಾಲದಾ ನಿಂಗ?"

"ಸಾಲದು," ಎಂದಳು ರೇವತಿ. "ಇಲ್ಲಿ ಎಲ್ಲಾ ಮಕ್ಳೂ ಒಂದೇ ಚಾಪೇಲಿ ಕೂತ್ಕತ್ತಾರ. ಕಲೀಬೇಕಾದವ್ರು ಇಲ್ಲೇ ಬರ್ಲಿ."

ಮಹದೇವಪ್ಪ ಅಲ್ಲಿಂದಲೇ ಕೂಗಿ ಮಗಳನ್ನು ಎಬ್ಬಿಸಿದರು. ರೇವತಿ ಮಧುವಿನ ಕಡೆ ನೋಡಿದಳು. ಅವನು ತಲೆ ಬಗ್ಗಿಸಿ, ಒಂದು ಮಾತೂ ಆಡದೆ, ಅಪ್ಪನ ಹಿಂದೆ ಹೊರಟುಹೋದ.

ಆ ದಿನ ಅವಳು ಪಾಸ್ಟ್ ಪರ್ಫೆಕ್ಟ್ ಟೆನ್ಸನ್ನು ಎಷ್ಟು ಸಿಟ್ಟಿನಿಂದ ಪಾಠ ಮಾಡಿದಳೆಂದರೆ ಸುಮ ಕೈಯೆತ್ತಲೂ ಹೆದರಿದಳು.

ವಾರ ಕಳೆಯುವ ಮೊದಲೇ ಅಣ್ಣ ತಂಗಿ ಮತ್ತೆ ಬಾಗಿಲಲ್ಲಿದ್ದರು. ಮೇಘ ಓಡಿಬಂದು ಸುಮಳ ಪಕ್ಕ ಕೂತಳು. ಮಧು ಅಲ್ಲೇ ನಿಂತ.

"ಆವತ್ತು ಯಾಕ ಬಾಯ್ ಬುಡ್ನಿಲ್ಲ?" ರೇವತಿ ಎಲ್ಲರೆದುರೇ ಕೇಳಿದಳು.

"ಐ ವಾಸ್ ಅಫ್ರೇಡ್."

"ವಾಸ್? ಈಗಿಲ್ವಾ?"

"ಈಗ್ಲೂ ಅದ. ಆದ್ರೂ ಅಪ್ಪನ್ಗ ಯೋಳೇ ಬಂದಿವಿ."

"ನೀವು ಬಂದದ್ದು ನಂಗ ಉಪಕಾರ ಅಲ್ಲ, ಗೊತ್ತಾಯ್ತಾ?"

"ಗೊತ್ತು. ನಂಗ ಬೇಕು ಅಂತ ಬಂದಿ."

"ಸರಿ, ಕೂತ್ಕಳಿ," ಎಂದಳು. ಆಗ ಅವಳ ದನಿ ಮೆತ್ತಗಾದದ್ದನ್ನು ಮೇಘ ಗಮನಿಸಿ ಸುಮಳನ್ನು ಮೊಣಕೈಯಿಂದ ತಿವಿದಳು.

ಮೇಘ ಪಾಸಾದಳು. ಸುಮ ಅವಳಿಗಿಂತ ಚೆನ್ನಾಗಿ ಪಾಸಾದಳು. ಹುಡುಗಿಯರಿಬ್ಬರನ್ನೂ ಸತ್ಯಮಂಗಲದ ಸ್ಕೂಲಿನಲ್ಲಿ ಹನ್ನೊಂದನೇ ಕ್ಲಾಸಿಗೆ ಸೇರಿಸಿ ರೇವತಿ, ಮಧು ವಾಪಸ್ಸು ಬರುವಾಗ ಘಾಟಿಯ ಮೇಲಿನ ದಿಂಬಂನಲ್ಲಿ ಬಸ್ಸು ನಿಂತಿತು. ಟೀ ಅಂಗಡಿಯ ಮುಂದೆ ಮಂಜು ಇಳಿಯುತ್ತಿತ್ತು. ಮಧು ಕೈಯಲ್ಲಿನ ಟೀ ಕುಡಿಯದೆ ನಿಂತಿದ್ದ.

"ರೇವತಿ, ಐ ವಿಲ್ ಲವ್ ಯೂ."

"ವಿಲ್? ಫ್ಯೂಚರ್ ಟೆನ್ಸು. ಯಾವಾಗಿಂದ ಶುರು?"

"ಅಯ್ಯೋ, ಐ ಆಮ್ ಲವಿಂಗ್ ಯೂ."

"ಲವ್‌ಗೆ ಐಎನ್‌ಜಿ ಸೇರಲ್ಲ ಕಣ್ರೀ. ಏನ್ ಕಲ್ತ್ರಿ ಇಷ್ಟ್ ದಿನ?"

ಅವನು ಗ್ಲಾಸು ಕೆಳಗಿಟ್ಟು, ಬಸ್ಸಿನ ಜನವೆಲ್ಲ ತಿರುಗಿ ನೋಡುವಷ್ಟು ಜೋರಾಗಿ, "ಐ ಲವ್ ಯೂ!" ಎಂದ.

"ಸಿಂಪಲ್ ಪ್ರೆಸೆಂಟ್," ಎಂದಳು ರೇವತಿ. ನಗುತ್ತಿದ್ದರೂ ಅವಳ ಕಣ್ಣು ತುಂಬಿತ್ತು. "ನಾನೂನೂವೆ. ಆದ್ರ ಇದ್ನ ನಿಮ್ಮಪ್ಪನ್ ಮುಂದ ಕನ್ನಡದಲ್ಲಿ ಯೋಳ್ಬೇಕು. ನಾನೂ ಬತ್ತೀನಿ. ಜಗಲೀಲಿ ನಿಲ್ಲಲ್ಲ."

ಮಾರನೆಯ ದಿನ ಇಬ್ಬರೂ ಹೋದರು. ರೇವತಿ ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ, ನಡುಮನೆಯಲ್ಲಿ ನಿಂತಳು. ಮಹದೇವಪ್ಪ ಎದ್ದು ನಿಂತರು. "ಇವ್ಳ್ನ ಕಟ್ಕಂಡ್ರ ಈ ಮನೆ ನಿಂಗಿಲ್ಲ ಕಣ್ಲಾ," ಎಂದರು ಮಗನಿಗೆ.

"ಇವ್ಳ್ಗ ಜಾಗ ಇಲ್ದ ಮನೆ ನಂಗೂ ಬ್ಯಾಡ ಅಪ್ಪ." ರೇವತಿ ಮಧುವಿನ ಕೈಯನ್ನು ಅವರೆದುರೇ ಹಿಡಿದುಕೊಂಡಳು. ಅವನ ತಾಯಿ ಪುಟ್ಟನಂಜಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಸತ್ಯಮಂಗಲದಲ್ಲಿ ರಿಜಿಸ್ಟರ್ ಮದುವೆ. ಹುಡುಗಿಯ ಕಡೆ ಚಿಕ್ಕಬಸಮ್ಮ ಮತ್ತು ಕೇರಿಯ ಒಂದು ವ್ಯಾನ್ ಜನ. ಹುಡುಗನ ಕಡೆ ಮೇಘ ಒಬ್ಬಳೇ. ಆಫೀಸಿನ ಒಳಗೆ ಹೆಸರು ಕರೆಯುವ ಹೊತ್ತಿಗೆ ಆಟೋ ಒಂದು ಬಂದು ನಿಂತಿತು.

ಪುಟ್ಟನಂಜಮ್ಮ ಇಳಿದರು. ಒಬ್ಬರೇ ಘಾಟಿ ಇಳಿದದ್ದು ಜೀವನದಲ್ಲಿ ಅದೇ ಮೊದಲು. ತಿರುವುಗಳಲ್ಲಿ ವಾಂತಿ ಮಾಡಿ ಮಾಡಿ ಮುಖ ಬಿಳಿಚಿಕೊಂಡಿತ್ತು. ಮಗ ಓಡಿಹೋಗಿ ಹಿಡಿದುಕೊಂಡ.

"ಅಪ್ಪ?"

"ಓಗಬ್ಯಾಡ ಅಂದ್ರು. ನಾ ಬಂದಿ," ಎಂದರು ಪುಟ್ಟನಂಜಮ್ಮ. ರೇವತಿಯ ಹತ್ತಿರ ಬಂದು, ತಮ್ಮ ಮುಡಿಯಲ್ಲಿದ್ದ ಮಲ್ಲಿಗೆಯನ್ನು ಬಿಚ್ಚಿ ಅರ್ಧ ಹರಿದರು. "ತಿರುಗು ಮಗಾ."

ರೇವತಿ ತಿರುಗಿದಳು.