ಮುನ್ನೂರು ನುಂಗಿದ ಸರ್ವರ್

ಅಮಾವಾಸ್ಯೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಬೈಲಹೊಂಗಲ ಠಾಣೆಗೆ ದೂರು ತಂದವನು ಖಾಸಗಿ ಆಸ್ಪತ್ರೆಯೊಂದರ ಮ್ಯಾನೇಜರ್ ಭರಮಪ್ಪ. ಬೆಳಿಗ್ಗೆಯಿಂದ ಅಲ್ಲಿ ಒಂದು ಕಂಪ್ಯೂಟರೂ ಶುರುವಾಗಿರಲಿಲ್ಲ. ರಕ್ತದ ವರದಿ ಸಿಗದೆ, ಡಯಾಲಿಸಿಸ್‌ಗೆ ಬಂದ ಅಜ್ಜಿ ಗುರವ್ವನನ್ನು ಬೆಳಗಾವಿಗೆ ಕಳಿಸಿದ್ದರು.

"ಯಾರೋ ಬೇಕಂತ ಮಾಡ್ಯಾರ್ರಿ ಸಾಹೇಬ್ರ. ಪಾಸ್‌ವರ್ಡ್ ಇರೂದು ಆಪರೇಟರ್ ಉಜ್ಮಾನ ಹಂತೇಕ."

ಇನ್ಸ್‌ಪೆಕ್ಟರ್ ವೀರಪ್ಪ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಶೈಲಜಾಳೊಂದಿಗೆ ಹೋಗಿ ಸರ್ವರ್ ಕೋಣೆಯ ಪಂಚನಾಮೆ ಮಾಡಿದರು. ದುರಸ್ತಿಗೆ ಬಂದಿದ್ದ ವಾಸೀಮ್ ತಪ್ಪು ತೋರಿಸಿದ. ಅಲ್ಲಿಯ ಕಂಪ್ಯೂಟರುಗಳು ಆನ್ ಆದಾಗ ತಮ್ಮ ವಿಳಾಸವನ್ನು ಸರ್ವರ್‌ನಿಂದ ಪಡೆದೇ ಏಳುತ್ತವೆ. ವಿಳಾಸವೆಂದರೆ ನಡುವೆ ಚುಕ್ಕಿಯಿಟ್ಟ ನಾಲ್ಕು ಸಂಖ್ಯೆ. ಯಾವುದೂ ಇನ್ನೂರೈವತ್ತೈದು ದಾಟಬಾರದು. ಸರ್ವರ್‌ನ ಪಟ್ಟಿಯ ಒಂದು ಸಾಲಿನಲ್ಲಿ ಮುನ್ನೂರು ಎಂದಿತ್ತು. ಅದಕ್ಕೆ ಮುಗ್ಗರಿಸಿದ ಸರ್ವರ್ ಯಾರಿಗೂ ವಿಳಾಸ ಕೊಡದೆ ನಿಂತಿತ್ತು.

"ತಪ್ಪು ಹಾಕಿದ್ರ ಅದು ಬ್ಯಾಡ ಅನ್ನೂದಿಲ್ಲೇನು?" ವೀರಪ್ಪ ಕೇಳಿದರು.

"ಅನ್ನಬೇಕ್ರಿ. ಇದರಾಗ ಆ ತಪಾಸಣಿನ ಇಟ್ಟಿಲ್ಲ. ಏನ್ ಕೊಟ್ರೂ ನುಂಗತೈತಿ."

ಉಜ್ಮಾಳನ್ನು ಕರೆಸಿದರು.

"ಮುಂಜಾನೆ ಇದನ್ನ ಚಾಲೂ ಮಾಡಿದವರು ಯಾರವಾ?"

"ನಾನ್ರಿ. ಗುಂಡಿ ಒತ್ತಿದ್ದಷ್ಟರಿ, ಬ್ಯಾರೆ ಏನೂ ಮುಟ್ಟಿಲ್ಲ."

"ನಾಳಿಂದ ಕೆಲಸಕ್ಕ ಬರಬ್ಯಾಡ," ಎಂದ ಭರಮಪ್ಪ. ಉಜ್ಮಾ ದುಪಟ್ಟಾದ ಅಂಚು ಹಿಡಿದು ನಿಂತಳು. ಅವಳ ಸಂಬಳದಿಂದಲೇ ಮನೆ ನಡೆಯುತ್ತಿತ್ತು.

ಶೈಲಜಾ ಸರ್ವರ್ ಮೇಲಿನ ಹಸಿ ಕುಂಕುಮವನ್ನೇ ನೋಡುತ್ತಿದ್ದಳು. "ಇದನ್ನ ಯಾವಾಗ ಬಂದ್ ಮಾಡ್ತೀರಿ?"

"ಅಮಾಸಿಗಷ್ಟರಿ. ಒರೆಸಿ, ಪೂಜಾ ಮಾಡಿ, ಕಾಯಿ ಒಡೆದು ಚಾಲೂ ಮಾಡ್ತೇವಿ. ಇಲ್ಲಂದ್ರ ಹಗಲೂ ರಾತ್ರಿ ಓಡತೈತಿ," ಎಂದ ಭರಮಪ್ಪ.

"ಕಾಯಿ ನೀರು ಅದಕ್ಕ ಕುಡಿಸಿಲ್ಲಲ್ಲ?" ಎಂದ ವೀರಪ್ಪ ತಟ್ಟನೆ ವಾಸೀಮ್ ಕಡೆ ತಿರುಗಿದರು. "ಸರ್ವರ್ ವಿಳಾಸ ಓದೂದು ತಾನು ಚಾಲೂ ಆಗುವಾಗಷ್ಟ ಏನು?"

"ಹೌದ್ರಿ."

ಹಾಗಾದರೆ ತಪ್ಪನ್ನು ಎಂದೋ ಇಟ್ಟು ಹೋಗಿರಬಹುದು. ವಾಸೀಮ್ ಹುಡುಕಿದ. ಆ ಸಾಲು ಸೇರಿದ್ದು ಎರಡು ವಾರದ ಹಿಂದಿನ ಸೋಮವಾರ.

"ಅವತ್ತು ರಾಮದುರ್ಗದಾಗ ನಮ್ಮ ಅಕ್ಕನ ನಿಕಾ ಇತ್ರಿ," ಎಂದಳು ಉಜ್ಮಾ. "ಮ್ಯಾನೇಜರ್ ಸಾಹೇಬ್ರೂ ಬಂದಿದ್ರು."

ಭರಮಪ್ಪ ಕೆಮ್ಮಿದ. "ಊಟಾ ಮಾಡಿ ಬಂದೇನ್ರಿ."

ಪಾಸ್‌ವರ್ಡ್ ಗೊತ್ತಿದ್ದ ಇನ್ನೊಬ್ಬ ವಿರೂಪಾಕ್ಷ. ಈ ವ್ಯವಸ್ಥೆ ಕಟ್ಟಿದವನು. ಅದೇ ಸೋಮವಾರ ಸಂಜೆ ಕೆಲಸ ಬಿಟ್ಟಿದ್ದ. ಅಮಾವಾಸ್ಯೆಯ ಮರುದಿನ ಉಗರಗೋಳದಲ್ಲಿ, ಮಾವನ ಬಳೆ ಅಂಗಡಿಯಲ್ಲಿ ವೀರಪ್ಪನವರಿಗೆ ಸಿಕ್ಕ.

"ಯಾಕ ಮಾಡ್ದಿ?"

"ತಪಾಸಣಿ ಇಡೂನ್ರಿ ಅಂತ ವರ್ಷಗಟ್ಟಲೆ ಹೇಳಿದೆ. ನಕ್ಕರು. ಕೆಟ್ಟು ನಿಂತ್ರ ನನಗ ಫೋನ್ ಮಾಡ್ತಾರ ಅಂತ ಕಾದೆ."

"ಬಂತೇನು?"

"ಇಲ್ರಿ. ನೀವು ಬಂದ್ರಿ." ಗುರವ್ವನ ಸುದ್ದಿ ಅವನಿಗೂ ಮುಟ್ಟಿತ್ತು. ಕೇಳಿದ, "ಆ ಅಜ್ಜಿ ಹೆಂಗದಾಳ್ರಿ?"

"ಆರಾಮ ಅದಾಳ. ದೇವರು ದೊಡ್ಡಾಂವ."

ಅವನನ್ನು ಬಂಧಿಸಿ ಠಾಣೆಗೆ ತಂದರು. ಸಂಜೆ ಉಜ್ಮಾ ತಾಯಿ ಬಿಬಿಜಾನಳೊಂದಿಗೆ ಬಂದಳು. ಅವಳ ಕೆಲಸ ಉಳಿದಿತ್ತು. ಬಿಬಿಜಾನ ಶೈಲಜಾಳ ಎರಡೂ ಕೈ ಹಿಡಿದುಕೊಂಡಳು.

"ನನಗ್ಯಾಕಬೇ? ನಿಕಾದ ಊಟಕ್ಕ ಸಾಕ್ಷಿ ಆದ ಭರಮಪ್ಪನ ಹೊಟ್ಟಿಗೆ ಹೇಳು," ಎಂದು ಶೈಲಜಾ ನಕ್ಕಳು.

ಬೆಂಚಿನ ಮೇಲಿದ್ದ ವಿರೂಪಾಕ್ಷ ತಲೆ ಎತ್ತಲಿಲ್ಲ. ಉಜ್ಮಾ ಅವನೆದುರು ನಿಂತಳು.

"ವಾಸೀಮಣ್ಣ ಇವತ್ತು ತಪಾಸಣಿ ಹಾಕಿದ್ರಿ ಸರ್. ಮುನ್ನೂರು ಬರದು ನೋಡಿದೆ, ಬ್ಯಾಡ ಅಂತು." ನಂತರ ಮೆಲ್ಲಗೆ ಅಂದಳು, "ಸಾಲಿ ಬಿಟ್ಟ ನನಗ ಕೆಲಸ ಕಲಿಸಿದವರು ನೀವು. ಆ ಉಪಕಾರ ಮರಿಯಂಗಿಲ್ರಿ."

ವಿರೂಪಾಕ್ಷ ಮುಖ ಮುಚ್ಚಿಕೊಂಡ. ಇಂಥ ಒಂದು ಮಾತಿಗಾಗಿಯೇ ಅವನು ಎರಡು ವಾರ ಫೋನು ಕೈಯಲ್ಲಿ ಹಿಡಿದು ಕೂತಿದ್ದ.