ಜೋಲು ಬಲೆ

ಹಿಂದೆ, ಬೆಟ್ಟಗಳೆಲ್ಲ ಇನ್ನೂ ಎಳೆಯವಾಗಿದ್ದ ಕಾಲದಲ್ಲಿ, ಹೊನ್ನಾರು ಎಂಬ ರಾಜ್ಯದಲ್ಲಿ ಮಾಳವ್ವ ಎಂಬ ಬಲೆ ಹೆಣೆಯುವವಳು ಇದ್ದಳು. ಅವಳ ಬಲೆಯನ್ನು ಬೆರಳಿನಿಂದ ಮೀಟಿದರೆ ಟಣ್ ಎನ್ನಬೇಕು, ಅಷ್ಟು ಬಿಗಿ. ಅದೇ ಅವಳ ಹೆಮ್ಮೆ.

ಆ ರಾಜ್ಯದ ಗುಡ್ಡದಲ್ಲಿ ದನಿನುಂಗ ಎಂಬ ಮಾಯಾವಿ ಇದ್ದ. ದಿನಾ ಮಧ್ಯಾಹ್ನ ಹದ್ದಿನ ಗಾತ್ರದ ಕಡಜವಾಗಿ ಹಾರಿಬರುತ್ತಿದ್ದ. ಯಾರಾದರೂ ಯಾರಿಗಾದರೂ "ಬಾಯಿ ಮುಚ್ಚು" ಎಂದರೆ ಸಾಕು, ಬೈಸಿಕೊಂಡವರ ದನಿಯನ್ನು ನುಂಗಿಬಿಡುತ್ತಿದ್ದ. ಹಿಂದಿನ ವಾರ ರಾಣಿ ಸಿಟ್ಟಿನಲ್ಲಿ ದೊರೆಗೆ ಹಾಗಂದಿದ್ದಳು. ಅಂದಿನಿಂದ ದೊರೆ ಕೈಸನ್ನೆಯಲ್ಲೇ ರಾಜ್ಯವಾಳುತ್ತಿದ್ದ. ಆಡಳಿತವೇನೂ ಕೆಟ್ಟಿರಲಿಲ್ಲ ಅನ್ನಿ.

ಒಂದು ಮಧ್ಯಾಹ್ನ ಮಾಳವ್ವನ ಮಗಳು, ಏಳು ವರ್ಷದ ಕೆಂಚಿ, ಸೂರಿನ ಕಡೆ ನೋಡುತ್ತಾ ಕೇಳಿದಳು: "ಅವ್ವಾ, ಜೇಡ ತನ್ನ ಬಲೆಗೆ ತಾನೇ ಯಾಕೆ ಅಂಟ್ಕೊಳಲ್ಲ?"

ಅದು ಅವತ್ತಿನ ನಲವತ್ತನೆಯ ಪ್ರಶ್ನೆ. ಮಾಳವ್ವನ ಕೈಯಲ್ಲಿ ಗಂಟು ತಪ್ಪಿತು. "ಬಾಯಿ ಮುಚ್ಚೇ!" ಅಂದುಬಿಟ್ಟಳು. ಕಿಟಕಿಯಾಚೆ ಗುಂಯ್ ಎಂದಿತು. ಕೆಂಚಿ ಬಾಯಿ ತೆರೆದಳು, ದನಿ ಬರಲಿಲ್ಲ.

ಹುಣ್ಣಿಮೆಯಾದರೆ ನುಂಗಿದ ದನಿಗಳೆಲ್ಲ ಕಡಜದ ಹೊಟ್ಟೆಯಲ್ಲಿ ಅರಗಿಹೋಗುತ್ತವೆ ಎಂದು ಎಲ್ಲರಿಗೂ ಗೊತ್ತಿತ್ತು. ಉಳಿದಿದ್ದು ಮೂರೇ ಮಧ್ಯಾಹ್ನ. ಮಾಳವ್ವ ತನ್ನ ಮಾತೇ ಮಗಳ ಮಾತನ್ನು ತಿಂದಿತಲ್ಲ ಎಂದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಬಲೆಗೆ ಕೂತಳು.

ಮೊದಲನೆಯ ದಿನ ಕಡಜ ಹಾರಿಬರುವ ದಾರಿಯಲ್ಲಿ ಎರಡು ಹುಣಸೆಮರಗಳ ನಡುವೆ ಸೆಣಬಿನ ಬಲೆಯನ್ನು ಬಿಗಿದು ಕಟ್ಟಿದಳು. ಕಡಜ ಬಂದು ಬಡಿಯಿತು. ಬಲೆ ಪಟ್ಟನೆ ಹರಿಯಿತು.

ಎರಡನೆಯ ದಿನ ಕಬ್ಬಿಣದ ತಂತಿಯ ಬಲೆಯನ್ನು ಇನ್ನೂ ಬಿಗಿದು ಕಟ್ಟಿದಳು. ಕಡಜ ಬಡಿದು ಚೆಂಡಿನಂತೆ ಪುಟಿದು ಹಿಂದಕ್ಕೆ ಹಾರಿತು. "ಇನ್ನೂ ಬಿಗಿ ಮಾಳವ್ವ, ಆಟ ಚೆನ್ನಾಗಿದೆ!" ಎಂದು ನಕ್ಕಿತು. ನಕ್ಕಿದ್ದು ಕೆಂಚಿಯ ದನಿಯಲ್ಲಿ.

ಆ ಸಂಜೆ ಕೆಂಚಿ ಅವ್ವನ ಕೈಹಿಡಿದು ಎಳೆದು ಸೂರಿನ ಜೇಡವನ್ನು ತೋರಿಸಿದಳು. ಮಾಳವ್ವ ಮೊದಲ ಸಲ ನಿಂತು ನೋಡಿದಳು. ನೊಣವೊಂದು ರಭಸದಿಂದ ಬಂದು ಬಿತ್ತು. ಬಲೆ ತೊಟ್ಟಿಲಂತೆ ಜಗ್ಗಿತು, ಹರಿಯಲಿಲ್ಲ, ಹಿಂದಕ್ಕೆ ಎಸೆಯಲೂ ಇಲ್ಲ.

"ನೋಡಿದ್ಯಾ?" ಎಂದಿತು ಜೇಡ. "ನಿನ್ನ ಬಲೆ ಬಂದವನ ಜೊತೆ ಜಗಳಕ್ಕೆ ನಿಲ್ಲುತ್ತೆ. ನನ್ನದು ಬಗ್ಗಿ ಅವನ ಬಿರುಸನ್ನೆಲ್ಲ ಕುಡಿದುಬಿಡುತ್ತೆ. ಚಳಿಗಾಲದಲ್ಲಿ ಮಗಳ ತಲೆ ಬಾಚಿದರೆ ಕೂದಲು ಬಾಚಣಿಗೆ ಹಿಂದೆ ಏಳುತ್ತಲ್ಲ? ರೆಕ್ಕೆ ಗಾಳಿಗೆ ಉಜ್ಜಿದಾಗಲೂ ಹಾಗೇ. ಹಾರುವವನ ಕಡೆಗೆ ನನ್ನ ಎಳೆ ತಾನಾಗೇ ವಾಲುತ್ತೆ."

"ಎಳೆ ಕೊಡ್ತೀಯಾ ಜೇಡಮ್ಮಾ?"

"ಕೊಡ್ತೀನಿ. ಮನೆ ಗುಡಿಸುವಾಗ ನನ್ನ ಮೂಲೆ ಬಿಟ್ಟುಬಿಡು."

ಬೆಳಗಾಗುವಷ್ಟರಲ್ಲಿ ಅಂಗಳದಲ್ಲಿ ಎಳೆಯ ಎರಡು ದೊಡ್ಡ ಉಂಡೆಗಳಿದ್ದವು, ಒಂದು ಒಣ, ಒಂದು ಅಂಟು. ಮಾಳವ್ವ ಅದೇ ಹುಣಸೆಮರಗಳ ಮಧ್ಯೆ ಒಣ ಎಳೆಗಳನ್ನು ನಡುವಿನಿಂದ ಹೊರಕ್ಕೆ ಎಳೆದಳು, ಅಂಟಿನ ಎಳೆಯನ್ನು ಸುತ್ತಲೂ ಸುತ್ತಿದಳು.

ಪಕ್ಕದ ಮನೆಯ ನಿಂಗಜ್ಜ ನಕ್ಕ. "ಏನವ್ವಾ ಇದು, ಒಣಹಾಕಿದ ಸೀರೆ ಥರ ಜೋಲಾಡ್ತಿದೆ!"

ಮಾಳವ್ವನ ಮುಖ ಕೆಂಪಾಯಿತು. ಆದರೂ ಬಿಗಿಯಲಿಲ್ಲ. ಒಣ ಎಳೆಗಳ ಮೇಲೆ ಕಾಲಿಡುತ್ತಾ ನಡುವಿಗೆ ಹೋಗಿ, ಎಳೆಗಳ ಮೇಲೆ ಕೈಯಿಟ್ಟು ಕೂತಳು.

ಕಡಜ ಬಂತು. ಅಗಲವಾದ ಕಂಡಿಯೊಂದನ್ನು ನೋಡಿ ನುಗ್ಗಿತು. ಎರಡೂ ಕಡೆಯ ಎಳೆಗಳು ವಾಲಿ ಮೈಗೆ ಅಂಟಿದವು. ರೆಕ್ಕೆ ಬಡಿದಷ್ಟೂ ಇನ್ನಷ್ಟು ಎಳೆಗಳು ಬಂದವು. ಬಲೆ ನೆಲದವರೆಗೂ ಜಗ್ಗಿತು, ಹರಿಯಲಿಲ್ಲ.

"ಬಿಡು ನನ್ನ!"

"ನಾನೆಲ್ಲಿ ಹಿಡಿದಿದೀನಿ? ರೆಕ್ಕೆ ನಿಲ್ಲಿಸು, ಎಳೆ ಬರೋದೂ ನಿಲ್ಲುತ್ತೆ," ಎಂದಳು ಮಾಳವ್ವ.

ನಿಲ್ಲಿಸುವಂತಿರಲಿಲ್ಲ. ಕದ್ದ ದನಿಗಳನ್ನು ಆ ಗುಂಯ್‌ಗುಡುವಿಕೆಯೇ ಒಳಗೆ ಹಿಡಿದಿತ್ತು. ಹೊತ್ತು ವಾಲುವವರೆಗೂ ಬಡಿದು ಬಡಿದು ಕೊನೆಗೆ ರೆಕ್ಕೆಗಳು ಸೋತು ನಿಂತವು. ದನಿಗಳು ಒಂದೊಂದಾಗಿ ಹೊರಬಿದ್ದು ತಮ್ಮ ತಮ್ಮ ಮನೆಗೆ ಹಾರಿದವು. ಅರಮನೆಯಿಂದ "ರಾಣೀ!" ಎಂಬ ಕೂಗು ಊರಿಗೆಲ್ಲ ಕೇಳಿಸಿತು. ಬಲೆಯಲ್ಲಿ ಉಳಿದದ್ದು ಬೆರಳುದ್ದದ ಬಡ ಕಡಜ. ಜೇಡ ಇಳಿದು ಬಂತು. ಮಾಳವ್ವ ಅದನ್ನು ನೋಡುತ್ತ ನಿಲ್ಲಲಿಲ್ಲ, ಮನೆಗೆ ಓಡಿದಳು.

ಕೆಂಚಿ ಹೊಸಿಲಲ್ಲೇ ಇದ್ದಳು. "ಅವ್ವಾ, ನೀನು ಹೇಳ್ಲೇ ಇಲ್ಲ. ಜೇಡ ಯಾಕೆ ಅಂಟ್ಕೊಳಲ್ಲ?"

ಮಾಳವ್ವ ಅವಳನ್ನು ತಬ್ಬಿಕೊಂಡು ಅಳುತ್ತಲೇ ಹೇಳಿದಳು: "ಸುತ್ತಿನ ಎಳೆಗೆ ಮಾತ್ರ ಅಂಟು, ಮಗಾ. ನಡುವಿಂದ ಹೊರಡೋ ಎಳೆ ಒಣ. ಅದರ ಮೇಲೇ ನಡೀತದೆ. ಇವತ್ತು ನಾನೂ ನಡೆದೆ."

ಅಂದಿನಿಂದ ಹೊನ್ನಾರಿನ ಪ್ರತಿ ಮನೆಯಲ್ಲೂ ಒಂದು ಮೂಲೆಯನ್ನು ಗುಡಿಸದೆ ಬಿಡುತ್ತಾರೆ, ಯಾರೂ ಯಾರ ಬಾಯನ್ನೂ ಮುಚ್ಚಿಸುವುದಿಲ್ಲ, ಎಲ್ಲರೂ ಸುಖವಾಗಿದ್ದಾರೆ. ಆದರೆ ಆ ಸಂಜೆ ಕೆಂಚಿ ಅಷ್ಟಕ್ಕೇ ಬಿಡಲಿಲ್ಲ.

"ಒಣ ಎಳೆ ಯಾವುದು ಅಂತ ಜೇಡಕ್ಕೆ ಯಾರು ಹೇಳ್ಕೊಟ್ರು?"

ಮಾಳವ್ವನಿಗೆ ಗೊತ್ತಿರಲಿಲ್ಲ. "ಬಾ, ಕೇಳೋಣ," ಎಂದು ಮಗಳ ಕೈಹಿಡಿದು ಸೂರಿನ ಕೆಳಗೆ ಹೋಗಿ ನಿಂತಳು.