ಎಣ್ಣೆ ಸೋರುತ್ತಿದ್ದಷ್ಟು ದಿನ

"ಈ ಶಾಕ್ ಅಬ್ಸಾರ್ಬರ್ ಕಿತ್ತು ಹೊಸದು ಹಾಕ್ಬಿಡಿ," ಎಂದರು ಕನ್ನಡಕದವರು. ಎಣ್ಣೆ ಡಬ್ಬಿ ಹಿಡಿದ ನನ್ನ ಕೈ ಅಲ್ಲೇ ನಿಂತಿತು.

ಅವರದು ಕನ್ನಡಕದ ಅಂಗಡಿ, ನಮ್ಮದು ಗ್ಯಾರೇಜು. ಅಪ್ಪನಿಗೆ ಮಂಡಿನೋವು ಶುರುವಾದ ಮೇಲೆ ಸ್ಪ್ಯಾನರ್ ನನ್ನ ಪಾಲಿಗೆ ಬಂತು. ಸ್ಟೂಲು ಮತ್ತು ಬೈಗುಳ ಅಪ್ಪನ ಪಾಲಿಗೆ ಉಳಿದವು. ಕನ್ನಡಕದವರ ಕಾರು ಅವರ ತಾತನ ಕಾಲದ್ದು. ಅದರ ಶಾಕ್ ಅಬ್ಸಾರ್ಬರ್ ಎಂದರೆ ಕಬ್ಬಿಣದ ಡಬ್ಬಿ, ಅದಕ್ಕೊಂದು ತೋಳು, ಒಳಗೆ ಎಣ್ಣೆ. ಆ ಎಣ್ಣೆ ಸೋರುತ್ತಿತ್ತು. ಹದಿನೈದು ದಿನಕ್ಕೊಮ್ಮೆ ತುಂಬಲೇಬೇಕು, ಅಂದರೆ ಹದಿನೈದು ದಿನಕ್ಕೊಮ್ಮೆ ಅವರು ಬರಲೇಬೇಕು. ಒಂದು ವರ್ಷದಿಂದ ನನ್ನ ಕ್ಯಾಲೆಂಡರಿನಲ್ಲಿ ಬೇರೆ ದಿನಗಳೇ ಇರಲಿಲ್ಲ.

ಹೊಸದು ಕೊಳವೆಯಂಥದ್ದು. ಸೀಲ್ ಆಗಿಯೇ ಬರುತ್ತದೆ, ಎಣ್ಣೆ ಹಾಕುವ ಮಾತೇ ಇಲ್ಲ. ವರ್ಷಗಟ್ಟಲೆ ಗ್ಯಾರೇಜಿನ ಮುಖ ನೋಡಬೇಕಾಗಿಲ್ಲ.

"ಹಳೇದೇ ಚೆನ್ನಾಗಿದೆಯಲ್ಲ, ಒರಿಜಿನಲ್ಲು," ಎಂದೆ.

"ಪ್ರತಿ ಗುಂಡಿಗೂ ನನ್ನ ತಲೆ ಟಾಪಿಗೆ ಬಡಿಯುತ್ತೆ. ನಿಮಗೇನು, ಚೆನ್ನಾಗೇ ಇರುತ್ತೆ."

"ಮಾತು ಸಾಕು, ಕೆಲಸ ಹಿಡಿಯೇ," ಎಂದ ಅಪ್ಪ.

ಸೋರಿದರೆ ಸೋರಲಿ ಬಿಡಿ ಎನ್ನುವ ಮೆಕ್ಯಾನಿಕ್ ಎಲ್ಲಾದರೂ ಇದ್ದಾಳೆಯೇ? ಕೆಲಸ ಹಿಡಿದೆ.

ಹೊಸದನ್ನು ಕೂರಿಸಲು ಬ್ರಾಕೆಟ್ ಮಾಡುವುದರಲ್ಲೇ ಎರಡು ದಿನ ಹೋಯಿತು. ಮಧ್ಯಾಹ್ನ ಅಂಗಡಿ ಮುಚ್ಚಿ ಅವರು ಬಂದು ನಿಲ್ಲುವರು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ನಿಧಾನಕ್ಕೆ ನನ್ನನ್ನೇ ನೋಡುವರು. ನನ್ನ ಕೈಯಿಂದ ನಟ್ಟು ಜಾರುವುದು.

"ಮೂಗಿನ ಮೇಲೆ ಗ್ರೀಸು."

"ಕಣ್ಣು ಬಹಳ ಚುರುಕು ನಿಮ್ದು."

"ಕಾಣೋದೆಲ್ಲ ಕಾಣುತ್ತೆ. ಹೇಳೋಕೆ ಬಾಯಿ ಬರಲ್ಲ, ಅಷ್ಟೇ."

ಮೂರನೆಯ ದಿನ ಎಲ್ಲವನ್ನೂ ಕೂರಿಸಿ, ನನ್ನ ಸಿಟ್ಟನ್ನೆಲ್ಲ ಸೇರಿಸಿ ಬೋಲ್ಟು ಬಿಗಿದೆ. ಜಾಕ್ ಇಳಿಸಿದರೆ ಕಾರು ಮುಖ ಮೇಲೆತ್ತಿಕೊಂಡು ಬಿಮ್ಮನೆ ನಿಂತಿತು. ಅಪ್ಪ ಸ್ಟೂಲಿನಿಂದ ಎದ್ದ.

"ಜಾಕ್ ಮೇಲಿರುವಾಗಲೇ ಬಿಗಿದ್ಯಾ? ನೀನಾ?"

ಚಕ್ರ ನೆಲಕ್ಕೆ ಊರಿ, ಭಾರ ಬಿದ್ದ ಮೇಲೆಯೇ ಬಿಗಿಯಬೇಕು. ಇಲ್ಲದಿದ್ದರೆ ಒಳಗಿನ ರಬ್ಬರ್ ಬುಷ್ ತಿರುಚಿಕೊಂಡು ಹರಿದುಹೋಗುತ್ತದೆ. ಹತ್ತು ವರ್ಷದಲ್ಲಿ ಒಮ್ಮೆಯೂ ಮಾಡದ ತಪ್ಪು. ನನ್ನನ್ನು ಚುಚ್ಚಿದ್ದು ಆ ತಪ್ಪಲ್ಲ. ಇದನ್ನು ಸರಿಮಾಡಿದರೆ ಕೆಲಸ ಮುಗಿಯಿತು, ಅವರೂ ಹೋದರು.

ಕಾರಿನಡಿ ತೋಡಿದ ಪಿಟ್ಟಿಗೆ ಇಳಿದು ಎಲ್ಲ ಬೋಲ್ಟು ಸಡಿಲಿಸಿದೆ. ಭಾರಕ್ಕೆಂದು ಕನ್ನಡಕದವರು ಮೇಲೆ ಸ್ಟೇರಿಂಗ್ ಮುಂದೆ ಕುಳಿತರು.

"ದಿನಾ ಎಷ್ಟು ಜನ ಕೂರ್ತೀರೋ ಅಷ್ಟೇ ಭಾರ ಇರಬೇಕು," ಎಂದು ಕೂಗಿದೆ. "ಒಬ್ಬರೇ ತಾನೇ?"

ಮೇಲೆ ಸೀಟು ಕಿರುಗುಟ್ಟಿತು. "ಇನ್ಮೇಲೆ ಇಬ್ಬರು."

ಓಹೋ, ಅದಕ್ಕೇ ಹೊಸ ಶಾಕ್ ಅಬ್ಸಾರ್ಬರ್! ಯಾರದೋ ಸೊಂಟ ಉಳುಕಬಾರದಲ್ಲ.

"ಹಾಗಾದ್ರೆ ಅವರನ್ನೂ ಕರೀರಿ," ಎಂದೆ.

"ಕರೀತಾನೇ ಇದ್ದೀನಿ. ಅವರು ಗಾಡಿ ಕೆಳಗಿದ್ದಾರೆ."

ಸ್ಪ್ಯಾನರ್ ಕೆಳಗಿಟ್ಟೆ. ಅವರೇ ಮುಂದುವರಿಸಿದರು.

"ಎಣ್ಣೆ ನೆಪ ಹೇಳ್ಕೊಂಡು ಬಂದು ಬಂದು ಸಾಕಾಯ್ತು ರೀ. ನೆಪ ಇಲ್ಲದೆಯೂ ಬರಬೇಕು ಅನ್ನೋ ಆಸೆ. ಅದಕ್ಕೆ ಆ ನೆಪಾನೇ ಕೀಳಿಸಿಬಿಟ್ಟೆ."

ಕಣ್ಣಿಂದ ನೀರು ಇಳಿಯುತ್ತಿತ್ತು, ಗ್ರೀಸಿನ ಕೈಯಲ್ಲಿ ಒರೆಸಿಕೊಳ್ಳುವಂತೆಯೂ ಇರಲಿಲ್ಲ. ಪಿಟ್ಟಿನ ಅಂಚಿನಲ್ಲಿ ಅಪ್ಪನ ಮುಖ ಕಾಣಿಸಿತು.

"ಮೇಲೆ ಬಾರೇ. ಬೋಲ್ಟ್ ನಾನು ಬಿಗೀತೀನಿ."

"ನಿನ್ನ ಮಂಡಿ, ಅಪ್ಪಾ?"

"ಮಂಡಿ ನಂದು. ನೀನು ಹೋಗಿ ಕೂತ್ಕೋ."

ಅಪ್ಪ ಒಂದೊಂದೇ ಮೆಟ್ಟಿಲು ಇಳಿದ. ನಾನು ಅವರ ಪಕ್ಕದಲ್ಲಿ ಕುಳಿತೆ. ಕಾರು ಅಷ್ಟು ತಗ್ಗಿತು.

"ಇಬ್ಬರೂ ಅಲ್ಲಾಡಬೇಡಿ!" ಎಂದು ಕೆಳಗಿನಿಂದ ಗದರಿದ.

"ನೀವಿನ್ನೂ ಉತ್ತರ ಹೇಳಿಲ್ಲ," ಅವರು ಮೆಲ್ಲಗೆ ಹೇಳಿದರು.

"ತಲೆ ಆಡಿಸೋ ಹಾಗಿಲ್ಲ, ಅಪ್ಪ ಬೈತಾನೆ," ಎಂದೆ. "ಆಡಿಸಿದೆ ಅಂದ್ಕೊಳ್ಳಿ."